ಗ್ರೀಸಿನ ಅರಳುಮರಳು

ಈ ಸಲ ಕೆರೆಗೆ ಹೊರಟಾಗ ನನಗೆ ಎರಡು ಕೆಲಸಗಳಿದ್ದವು. ಒಂದು, ಹದಿನೈದು ಕಿಲೋ ದಾಟಿದ ಗೆಂಡೆ ಮೀನು ಹಿಡಿಯುವುದು. ಇನ್ನೊಂದು, ಹದಿನೆಂಟು ದಿನ ಮುಗಿಸಿ ವಾಪಸು ಬರುವಾಗ ಗ್ರೀಸನ್ನು ಅಲ್ಲೇ ಕೆರೆ ಕಾಯುವವನಿಗೆ ಕೊಟ್ಟು ಬರುವುದು. ಮೊದಲನೆಯದು ಹೆಂಡತಿಗೆ ಗೊತ್ತಿತ್ತು. ಎರಡನೆಯದನ್ನು ನಾನು ಹೇಳಿರಲಿಲ್ಲ.

ಗ್ರೀಸು ನಮ್ಮ ಮುದಿ ನಾಯಿ. ಹನ್ನೊಂದು ವರ್ಷದ ಕೆಳಗೆ ಬಸ್ ಡಿಪೋದಲ್ಲಿ, ಚಕ್ರ ಕಳಚಿ ಜಾಕಿನ ಮೇಲೆ ನಿಲ್ಲಿಸಿದ್ದ ಬಸ್ಸಿನಡಿ ಹುಟ್ಟಿದ ಹೆಣ್ಣುಮರಿ. ನನ್ನ ಕೈಗೆ ಸಿಕ್ಕಾಗ ಯಾವುದು ಮೈಬಣ್ಣ, ಯಾವುದು ಕೊಳೆ ಎಂದು ತಿಳಿಯುತ್ತಿರಲಿಲ್ಲ. ಎರಡು ವರ್ಷದ ಗಂಡು ಬೋಲ್ಟು ಆಮೇಲೆ ಬಂದದ್ದು. ಎಷ್ಟು ಬಿಗಿಯಾಗಿ ಕಟ್ಟಿದರೂ ಸಡಿಲಿಸಿಕೊಂಡು ಓಡುತ್ತದೆ, ಅದಕ್ಕೇ ಆ ಹೆಸರು. ನನ್ನ ಹೆಂಡತಿ ಗ್ರೀಸನ್ನು ಅವಳು, ಬೋಲ್ಟನ್ನು ಅವನು ಎನ್ನುತ್ತಾಳೆ. ನನಗೆ ನಾಯಿ ಎಂದರೆ ಅದು.

ಒಂದೂವರೆ ವರ್ಷದಿಂದ ಗ್ರೀಸಿಗೆ ಸುಮ್ಮಸುಮ್ಮನೆ ಬೊಗಳುವ ಚಾಳಿ ಹತ್ತಿತ್ತು. ನಾನು ಪೇಪರ್ ಹಿಡಿದು ಕೂತಿದ್ದರೆ ಬಂದು ಎದುರು ನಿಲ್ಲುವುದು, ಮುಖ ನೋಡುವುದು, ಬೊಗಳುವುದು. ಬಾಗಿಲ ಕಡೆ ಓಡುವುದು, ಮತ್ತೆ ಬಂದು ಬೊಗಳುವುದು. ತಲೆ ಕೆಟ್ಟು ಬಾಗಿಲು ತೆಗೆದರೆ ಒಮ್ಮೊಮ್ಮೆ ಯಾರಾದರೂ ನಿಂತಿರುತ್ತಿದ್ದರು. ಬೆಲ್ ಒತ್ತುವುದಕ್ಕೆ ಏನು ದಾಡಿ ಎಂದು ಅವರಿಗೂ ಬೈದದ್ದುಂಟು. ಮೇಲಿನ ಮನೆಯ ಟೀಚರಮ್ಮ ಮಕ್ಕಳ ಪರೀಕ್ಷೆ ಪೇಪರ್ ತಿದ್ದಲಾಗುತ್ತಿಲ್ಲ ಎಂದು ಎರಡು ಸಲ ಕೆಳಗಿಳಿದು ಬಂದಿದ್ದರು. ಅರವತ್ತಕ್ಕೆ ಅರಳುಮರಳು ಎನ್ನುತ್ತಾರೆ, ಇದಕ್ಕೆ ಹನ್ನೊಂದಕ್ಕೇ ಬಂತಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ನನಗೆ ಆಗ ತಾನೇ ಅರವತ್ತು ತುಂಬಿ, ಡಿಪೋದವರು ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದ್ದರು.

ಮೂವತ್ತನಾಲ್ಕು ವರ್ಷ ನಾನು ಅಲ್ಲಿ ಮೆಕ್ಯಾನಿಕ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿದರೆ ಸಾಕು, ಒಳಗೆ ಏನು ಸವೆದಿದೆ ಎಂದು ಹೇಳಿಬಿಡುತ್ತಿದ್ದೆ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಒಂದು ಪಾಠ ಮಾಡುತ್ತಿದ್ದೆ: ಡ್ರೈವರ್ ಶಬ್ದ ಬರ್ತಿದೆ ಅಂದ್ರೆ ಬರ್ತಿದೆ. ನಿನಗೆ ಕೇಳಿಸದಿದ್ದರೆ ಅದು ಅವನ ತಪ್ಪಲ್ಲ, ಅವನ ಪಕ್ಕ ಕೂತು ಒಂದು ಸುತ್ತು ಹೋಗಿ ಬಾ. ಈ ಪಾಠ ಹೇಳಿದವನು ನಾನೇ ಎಂಬುದನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಬೋಲ್ಟನ್ನು ಮಾತ್ರ ಕರೆದುಕೊಂಡು ಹೋಗುತ್ತೇನೆ, ಗ್ರೀಸಿಗೆ ವ್ಯಾನಿನಲ್ಲಿ ಅಷ್ಟು ದೂರ ಕಷ್ಟ ಎಂದು, ಗುಮಾನಿ ಬಾರದಿರಲಿ ಅಂತ, ಮೊದಲು ನಾಟಕ ಆಡಿದ್ದೆ. ಹೆಂಡತಿ ಒಪ್ಪಲಿಲ್ಲ.

"ಬೋಲ್ಟು ಬೇಕಾದ್ರೆ ಇಲ್ಲೇ ಇರ್ಲಿ. ಅವಳನ್ನ ಬಿಟ್ಟು ಹೋಗೋ ಹಾಗಿಲ್ಲ."

"ಯಾಕೆ, ನನ್ನ ಕಾಯೋಕಾ?"

"ಹೂಂ, ಹಾಗೇ ಅಂದ್ಕೊಳ್ಳಿ. ಅಲ್ಲ ರೀ, ಹಿಡಿದು ಮತ್ತೆ ನೀರಿಗೇ ಬಿಡೋದಾದ್ರೆ, ಮೀನು ಮೊದಲೇ ನೀರಲ್ಲಿ ಇತ್ತಲ್ಲ?"

ಈ ಪ್ರಶ್ನೆಯನ್ನು ಅವಳು ಪ್ರತಿ ವರ್ಷ ಕೇಳುತ್ತಾಳೆ, ಪ್ರತಿ ವರ್ಷ ನಾನು ಉತ್ತರ ಕೊಡದೆ ವ್ಯಾನು ಹತ್ತುತ್ತೇನೆ. ಆ ಕೆರೆಯ ನಿಯಮವೇ ಹಾಗೆ. ಹಿಡಿ, ತೂಗು, ಫೋಟೋ ತೆಗೆದುಕೋ, ಬಿಡು. ಹನ್ನೆರಡು ವರ್ಷದಲ್ಲಿ ನನ್ನ ದಾಖಲೆ ಹದಿನಾಲ್ಕು ಕಿಲೋ ಎಂಟುನೂರರ ಹತ್ತಿರ ಬಂದು ನಿಂತಿತ್ತು. ಇನ್ನೂರು ಗ್ರಾಮಿಗೋಸ್ಕರ ಒಬ್ಬ ಮನುಷ್ಯ ಎಷ್ಟು ಒದ್ದಾಡಬಹುದು ಎಂಬುದು ಗೆಂಡೆ ಹಿಡಿಯದವರಿಗೆ ಅರ್ಥವಾಗುವುದಿಲ್ಲ.

ಮೊದಲ ದಿನ ಟೆಂಟು ಹಾಕಿದೆ. ಮಡಚುವ ಮಂಚ, ಒಂದು ಕುರ್ಚಿ, ಒಂದು ಸ್ಟೌ, ನಾಯಿಗಳಿಗೆ ಒಂದು ಹಳೆಯ ಕಂಬಳಿ. ನೀರಿನಂಚಿನಲ್ಲಿ ಎರಡು ಗಾಳದ ಕೋಲುಗಳನ್ನು ಕವೆಗಳ ಮೇಲೆ ಮಲಗಿಸಿ, ಪ್ರತಿಯೊಂದರ ಕೆಳಗೆ ಅಲಾರಂ ಡಬ್ಬಿ ಸಿಕ್ಕಿಸಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಮೀನು ಎರೆ ಕಚ್ಚಿ ದಾರ ಎಳೆದರೆ ಅದು ಕೂಗುತ್ತದೆ. ನನ್ನವು ಹಳೆಯವು, ದೀಪಗೀಪ ಇಲ್ಲ, ಬರೀ ಶಬ್ದ. ದಾರ ಎಳೆದು ನೋಡಿದೆ. ಇಲಿಮರಿ ಕೂಗಿದಷ್ಟು ಕೇಳಿಸಿತು. ಸೆಲ್ ಬದಲಿಸಿದೆ. ಆಗಲೂ ಅಷ್ಟೇ. ಈಗಿನ ಸೆಲ್‌ಗಳೇ ಹೀಗೆ ಎಂದು ಬೈದುಕೊಂಡು, ಹತ್ತು ಹೆಜ್ಜೆ ಹಿಂದೆ ಮರದ ನೆರಳಿನಲ್ಲಿ ಕುರ್ಚಿ ಹಾಕಿ ಕೂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ದಿನಗಳು ತಮ್ಮ ಪಾಡಿಗೆ ತಾವು ಹೋದವು. ಬೆಳಗಾಗುವ ಮುಂಚೆ ಎದ್ದು ಚಹಾ ಕಾಸುವುದು, ಮೆಕ್ಕೆಜೋಳದ ಹಿಟ್ಟು ಕಲಸಿ ಗೋಲಿಗಾತ್ರದ ಉಂಡೆ ಮಾಡಿ ಬೇಯಿಸುವುದು, ಅದರಲ್ಲಿ ಅರ್ಧವನ್ನು ಬೋಲ್ಟು ಕದ್ದು ತಿಂದ ಮೇಲೆ ಮತ್ತೆ ಮಾಡುವುದು. ಬೋಲ್ಟು ಮೀನಿನ ಲೋಳೆ ಬಿದ್ದ ಹುಲ್ಲಿನ ಮೇಲೆ ಹೊರಳಾಡಿ ಬಂದು ನನ್ನ ಹೊದಿಕೆಯೊಳಗೆ ನುಗ್ಗುತ್ತಿತ್ತು. ನಾಲ್ಕನೇ ದಿನದ ಹೊತ್ತಿಗೆ ನಾವು ಮೂವರೂ ಒಂದೇ ವಾಸನೆ ಹೊಡೆಯುತ್ತಿದ್ದೆವು. ಗ್ರೀಸು ಮಾತ್ರ ಈ ಯಾವ ಉಸಾಬರಿಗೂ ಬಾರದೆ, ನನ್ನ ಕುರ್ಚಿಗೂ ಕೋಲುಗಳಿಗೂ ನಡುವೆ ಮಲಗಿರುತ್ತಿತ್ತು. ಅಲ್ಲೂ ಚಾಳಿ ಬಿಡಲಿಲ್ಲ. ದಿನಕ್ಕೆ ಎರಡು ಮೂರು ಸಲ ತಟ್ಟನೆ ಎದ್ದು ನನ್ನ ಮುಖ ನೋಡಿ ಬೊಗಳುವುದು. ನಾನು ಗದರುವುದು. ಅದು ಮತ್ತೂ ಜೋರು ಮಾಡುವುದು. ಗದರಿ ಮುಗಿಸಿ ನೀರಿನ ಕಡೆ ನೋಡಿದರೆ ಅಲ್ಲಿ ಏನೂ ಇರುತ್ತಿರಲಿಲ್ಲ. ದಾರ ಸುತ್ತಿಕೊಂಡಾಗ ಗಾಳ ಬರಿದಾಗಿರುತ್ತಿತ್ತು. ಚಿಕ್ಕ ಮೀನು ಕಿತ್ತಿರಬೇಕು ಎಂದುಕೊಂಡು ಇನ್ನೊಂದು ಉಂಡೆ ಚುಚ್ಚುತ್ತಿದ್ದೆ.

ಹದಿನಾಲ್ಕು ದಿನದಲ್ಲಿ ಮೂರೇ ಮೀನು. ಮೂರೂ ನಾನು ಕೋಲಿನ ಪಕ್ಕದಲ್ಲೇ ನಿಂತಿದ್ದಾಗ ಬಿದ್ದವು, ಯಾವುದೂ ಒಂಬತ್ತು ಕಿಲೋ ದಾಟಲಿಲ್ಲ. ನಾಯಿಯ ಗಲಾಟೆಗೆ ದೊಡ್ಡ ಮೀನುಗಳು ದಡದ ಹತ್ತಿರ ಬರುತ್ತಿಲ್ಲ ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

ಹದಿನೈದನೇ ದಿನ ಮಧ್ಯಾಹ್ನ ಗ್ರೀಸನ್ನು ಎಳೆದುಕೊಂಡು ಹೋಗಿ, ನೂರು ಹೆಜ್ಜೆ ದೂರದಲ್ಲಿ ನಿಲ್ಲಿಸಿದ್ದ ವ್ಯಾನಿನ ನೆರಳಿನಲ್ಲಿ ಕಟ್ಟಿದೆ. ಒಂದು ಬಟ್ಟಲು ನೀರಿಟ್ಟೆ. ಅದು ನೀರಿನ ಕಡೆ ನೋಡಲಿಲ್ಲ, ನಾನು ವಾಪಸು ಹೋಗುವುದನ್ನು ನೋಡುತ್ತಾ ನಿಂತಿತ್ತು. ನನಗೇನೂ ಅನ್ನಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅನ್ನಿಸಿತು, ಆದರೂ ಬಂದೆ.

ಕೆರೆ ಕಾಯುವವನು ಬಂದ. ಇಲ್ಲಿಗೆ ಬರುವವರೆಲ್ಲ ಅವನನ್ನು ಮೀಸೆ ಎಂದೇ ಕರೆಯುತ್ತಾರೆ, ಅವನಿಗೂ ಅದರ ಬಗ್ಗೆ ಹೆಮ್ಮೆ. ಅವನ ನಾಯಿ ಕಳ್ಳ ಬಂದರೆ ಬಾಲ ಅಲ್ಲಾಡಿಸುವ ಜಾತಿಯದು. ಹಾಗಾಗಿ ಬೊಗಳುವ ನಾಯಿ ಕೊಡುತ್ತೇನೆ ಎಂದಾಗ ಖುಷಿಯಿಂದ ಒಪ್ಪಿದ್ದ. ನೀರಿಗೆ ಬೆನ್ನು ಹಾಕಿ ನಿಂತು ನಾನು ಅವನಿಗೆ ಗ್ರೀಸಿನ ಊಟ, ನಿದ್ದೆ, ಮಂಡಿ ನೋವಿನ ಮಾತ್ರೆ ಎಲ್ಲ ವಿವರಿಸುತ್ತಿದ್ದೆ. ಅಷ್ಟರಲ್ಲಿ ವ್ಯಾನಿನ ಕಡೆಯಿಂದ ಶುರುವಾಯಿತು. ಅಂಥ ಬೊಗಳುವಿಕೆಯನ್ನು ನಾನು ಹಿಂದೆ ಕೇಳಿರಲಿಲ್ಲ. ಹಗ್ಗ ಜಗ್ಗುತ್ತಿದೆ, ಮುಂಗಾಲೆತ್ತಿ ಹಾರುತ್ತಿದೆ.

"ನೋಡಿದ್ಯಾ? ಹೀಗೇ. ಏನೂ ಇಲ್ಲ, ಎಂಥದೂ ಇಲ್ಲ, ಸುಮ್ನೆ."

ಮೀಸೆ ನನ್ನ ಭುಜದ ಆಚೆ ನೋಡುತ್ತಿದ್ದ. "ಮೇಸ್ತ್ರಿ, ಅಲಾರಂ."

"ಅಲಾರಂ ಏನಾಗಿದೆ?"

"ಏನಾಗಿದೆ ಅಂತೀರಲ್ಲ! ಆಗಿಂದ ಬಡ್ಕೊಳ್ತಾ ಇದೆ!"

ತಿರುಗಿದೆ. ಬಲಗಡೆಯ ಕೋಲು ಬಿಲ್ಲಾಗಿತ್ತು, ರೀಲು ಕಣ್ಣಿಗೆ ಕಾಣದಷ್ಟು ವೇಗವಾಗಿ ತಿರುಗುತ್ತಿತ್ತು. ಕೋಲು ಕವೆಯಿಂದ ಜಾರಿ ನೀರಿಗೆ ಬೀಳುವಷ್ಟರಲ್ಲಿ ಓಡಿ ಹಿಡಿದೆ. ಆ ಭಾರವನ್ನು ನನ್ನ ಕೈ ಮರೆಯುವುದಿಲ್ಲ. ಹನ್ನೆರಡು ವರ್ಷದಲ್ಲಿ ಅಂಥದ್ದು ಬಿದ್ದಿರಲಿಲ್ಲ. ಆದರೆ ಮೀನು ಆಗಲೇ ಜೊಂಡಿನೊಳಗೆ ಹೊಕ್ಕಾಗಿತ್ತು. ಎರಡು ನಿಮಿಷ ಎಳೆದಾಡಿತು. ಒಮ್ಮೆ ಮೇಲೆ ಬಂದು ಮಡಿಚಿದ ಕೊಡೆಯಷ್ಟು ಉದ್ದದ ಬೆನ್ನು ತೋರಿಸಿತು. ದಾರ ತುಂಡಾಯಿತು.

"ಇಪ್ಪತ್ತು ಕಿಲೋಗೆ ಮೋಸ ಇರ್ಲಿಲ್ಲ. ಕೂಗಿದ ತಕ್ಷಣ ಹಿಡಿದಿದ್ರೆ ಸಿಕ್ಬಿಡ್ತಿತ್ತು. ಕೂಗ್ತಾ ಇದ್ರೂ ಮಾತಾಡ್ತಾನೇ ಇದ್ರಲ್ಲ," ಎಂದ ಮೀಸೆ.

ವ್ಯಾನಿನಿಂದ ಸ್ಕ್ರೂಡ್ರೈವರ್ ತಂದೆ. ಗ್ರೀಸನ್ನೂ ಬಿಚ್ಚಿ ತಂದೆ. ಮೀಸೆಗೆ ದಾರ ಎಳೆಯಲು ಹೇಳಿ, ತುದಿಯನ್ನು ಡಬ್ಬಿಗೆ, ಹಿಡಿಯನ್ನು ಕಿವಿಗೆ ಒತ್ತಿದೆ. ಹಿಡಿ ಗಡಗಡ ನಡುಗುತ್ತಿತ್ತು. ಯಂತ್ರ ಸರಿಯಾಗಿತ್ತು. ಕಿವಿಗೆ ಬಂದದ್ದು ಮಾತ್ರ ಅದೇ ಇಲಿಮರಿಯ ದನಿ. ಆಮೇಲೆ ಕುರ್ಚಿಗೆ ಹೋಗಿ ನೀರಿಗೆ ಬೆನ್ನು ಹಾಕಿ ಕೂತೆ. ಗ್ರೀಸು ನನ್ನ ಎದುರು ಕೂತಿತು.

"ನಿನಗಿಷ್ಟ ಬಂದಾಗ ಎಳಿ, ನನಗೆ ಹೇಳ್ಬೇಡ."

ಗಾಳಿಯ ಸದ್ದಿತ್ತು. ದೂರದಲ್ಲಿ ಯಾವುದೋ ಟ್ರ್ಯಾಕ್ಟರ್ ಹೋಗುತ್ತಿತ್ತು, ಅದರ ಸೈಲೆನ್ಸರ್ ಸೀಳಿದೆ ಎಂದು ಕೂತಲ್ಲೇ ಹೇಳಬಲ್ಲವನಾಗಿದ್ದೆ. ಗ್ರೀಸು ಕಿವಿ ನೆಟ್ಟಗೆ ಮಾಡಿತು, ಕೋಲಿನ ಕಡೆ ನೋಡಿತು, ನನ್ನ ಮುಖ ನೋಡಿತು, ಬೊಗಳಿತು.

"ಈಗ ಎಳೆದ್ಯಾ?"

"ಎಳೀತಾನೇ ಇದೀನಲ್ಲ ಮೇಸ್ತ್ರಿ!"

ಆರು ಸಲ ಎಳೆಸಿದೆ. ಆರು ಸಲವೂ ಗ್ರೀಸು ಹೇಳಿತು, ಒಂದು ಸಲವೂ ನನಗೆ ಕೇಳಿಸಲಿಲ್ಲ. ದಪ್ಪ ಸದ್ದೆಲ್ಲ ಕಿವಿಗೆ ಬರುತ್ತಿತ್ತು, ಕೀಚಲು ಸದ್ದು ಮಾತ್ರ ಬರುತ್ತಿರಲಿಲ್ಲ. ಏಳನೆಯ ಸಲ ಮೀಸೆಯೇ ಸಾಕು ಎಂದ. ಅವನು ನಗಲಿಲ್ಲ, ಅದಕ್ಕೆ ನಾನು ಅವನಿಗೆ ಋಣಿ.

ಕೂತಲ್ಲೇ ಒಂದೊಂದಾಗಿ ನೆನಪಾದವು. ಕೊನೆಯ ವರ್ಷ ಒಬ್ಬ ಡ್ರೈವರ್ ಮೂರು ಸಲ ಬಂದು ಬೆಲ್ಟು ಕೀಚುಗುಡುತ್ತಿದೆ ಎಂದಿದ್ದ. ಏನೂ ಇಲ್ಲ ಹೋಗಯ್ಯಾ ಎಂದಿದ್ದೆ. ನಾಲ್ಕನೇ ದಿನ ಬೆಲ್ಟು ತುಂಡಾಗಿ ಬಸ್ಸು ದಾರಿಯಲ್ಲಿ ನಿಂತಿತ್ತು, ನಾನು ಬೆಲ್ಟಿನ ಕಂಪನಿಗೆ ಬೈದಿದ್ದೆ. ಹೆಂಡತಿ ಸೊಪ್ಪು ತನ್ನಿ ಎಂದರೆ ಸೋಪು ತಂದಿದ್ದೆ, ಬಾಯಿ ಬಿಟ್ಟು ಸರಿಯಾಗಿ ಮಾತಾಡು ಎಂದು ಅವಳಿಗೇ ರೇಗಿದ್ದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದವನು ನಾನು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

"ಹಾಗಾದ್ರೆ ನಾಯಿ?" ಎಂದು ಮೀಸೆ ಹೊರಡುವಾಗ ಕೇಳಿದ.

"ಅವಳನ್ನ ಕೊಡಲ್ಲ."

"ಬೋಲ್ಟನ್ನಾದ್ರೂ ಕೊಡಿ."

"ಅದು ಕಳ್ಳನ ಜೊತೆ ಸೇರಿ ಕದಿಯುತ್ತೆ, ಬೇಡ."

ಸಂಜೆ ಮನೆಗೆ ಫೋನ್ ಮಾಡಿದೆ. ಸ್ಪೀಕರ್ ಜೋರು ಮಾಡಿ ಕಿವಿಗೆ ಒತ್ತಿ ಹಿಡಿಯುವುದು ನನ್ನ ಅಭ್ಯಾಸ. ಅದು ಯಾಕೆ ಅಭ್ಯಾಸವಾಯಿತು ಎಂದು ಆವತ್ತೇ ಮೊದಲ ಸಲ ಯೋಚಿಸಿದ್ದು.

"ಗ್ರೀಸು ಸುಮ್ನೆ ಬೊಗಳ್ತಾ ಇರ್ಲಿಲ್ಲ ಕಣೇ, ಗಾಳದ ಅಲಾರಂ ಕೂಗಿದಾಗ ಬೊಗಳ್ತಾ ಇದ್ಲು," ಎಂದೆ.

"ಅಂತೂ ಗೊತ್ತಾಯ್ತಾ?"

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತಾ ಅಂದ್ರೆ? ಅವಳಿಗೆ ಕಲಿಸಿದ್ದೇ ನಾನು. ಬೆಲ್ ಹೊಡೆದ್ರೆ, ಫೋನ್ ಬಂದ್ರೆ, ಕುಕ್ಕರ್ ಕೂಗಿದ್ರೆ ನಿಮ್ಮ ಮುಂದೆ ಹೋಗಿ ಬೊಗಳ್ಬೇಕು ಅಂತ. ಎರಡು ತಿಂಗಳು ಬಿಸ್ಕತ್ತು ಹಾಕಿ ಹಾಕಿ ಕಲಿಸಿದೀನಿ. ಆ ಅಲಾರಂ ಅವಳು ತಾನಾಗೇ ಕಲಿತಿರ್ಬೇಕು."

"ನನಗೆ ಹೇಳ್ಬಾರ್ದಾಗಿತ್ತಾ?"

"ಹೇಳಿದ್ನಲ್ಲ, ಕಿವಿ ತೋರಿಸಿ ಅಂತ. ಎಷ್ಟು ಸಲ ಹೇಳಿದೀನಿ? ನೀವು ಕಿವಿಗೇ ಹಾಕಿಕೊಳ್ಳಲಿಲ್ಲ. ನಾನು ಹೇಳಿದ್ರೆ ನಿಮಗೆ ಮೂಗಿನ ತುದೀಲಿ ಕೋಪ. ನಾಯಿ ಬೊಗಳಿದ್ರೆ ಬೈಕೊಂಡಾದ್ರೂ ಎದ್ದು ಬಾಗಿಲಿಗೆ ಹೋಗ್ತಿದ್ರಿ. ಅಲ್ಲಿ ಒಬ್ಬರೇ ಇರ್ತೀರಿ, ಪಕ್ಕದಲ್ಲೇ ಹಾವು ಬುಸ್ಸೆಂದ್ರೂ ಗೊತ್ತಾಗಲ್ಲ. ಅದಕ್ಕೇ ಅವಳನ್ನ ಕಳಿಸಿದ್ದು. ವಾಪಸ್ ಬಂದ ಸೋಮವಾರ ಹನ್ನೊಂದು ಗಂಟೆಗೆ ಡಾಕ್ಟರ ಹತ್ರ ಹೋಗ್ಬೇಕು. ಆರು ತಿಂಗಳಿಂದ ಮುಂದಕ್ಕೆ ಹಾಕಿಸ್ತಾ ಇದೀನಿ, ಅವರಿಗೂ ಸಾಕಾಗಿದೆ."

"ಹೋಗೋಣ," ಎಂದೆ. ಅಷ್ಟು ಸುಲಭವಾಗಿ ನಾನು ಒಪ್ಪಿದ್ದು ಅವಳಿಗೆ ದಿಗಿಲು ಹುಟ್ಟಿಸಿರಬೇಕು, ಊಟ ಆಯ್ತಾ ಎಂದು ಎರಡು ಸಲ ಕೇಳಿದಳು.

ಗ್ರೀಸು ನನ್ನ ಕಾಲ ಮೇಲೆ ಗದ್ದ ಇಟ್ಟು ಮಲಗಿದ್ದಳು. ಹಗ್ಗ ಜಗ್ಗಿದ್ದಕ್ಕೆ ಕುತ್ತಿಗೆಯ ಒಂದು ಕಡೆ ಕೂದಲು ಕಿತ್ತು ಬಂದಿತ್ತು. ಅವಳನ್ನು ಕೊಟ್ಟು ಬರಲು ಹೊರಟಿದ್ದನ್ನು ಹೇಳದೆ ಇದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹೇಳದೆ ಮನೆಗೆ ಹೋಗಿ ಆ ಕುತ್ತಿಗೆಯನ್ನು ಹೆಂಡತಿಯ ಕೈಗೆ ಕೊಡುವುದು ನನ್ನಿಂದಾಗದು ಅನ್ನಿಸಿತು.

"ಇನ್ನೊಂದು ವಿಷಯ ಕಣೇ. ನಾನು ಗ್ರೀಸನ್ನ ಇಲ್ಲೇ ಬಿಟ್ಟು ಬರೋಣ ಅಂತಿದ್ದೆ. ಇಲ್ಲಿ ಕಾಯೋವನಿಗೆ ಮಾತೂ ಕೊಟ್ಟಿದ್ದೆ."

ಫೋನಿನಲ್ಲಿ ಏನೂ ಇಲ್ಲ. ಕಟ್ ಆಯಿತೇನೋ ಎಂದು ತೆಗೆದು ನೋಡಿದೆ, ಆಗಿರಲಿಲ್ಲ. ಮತ್ತೆ ಕಿವಿಗೊತ್ತಿಕೊಂಡೆ.

"ಏನಂದ್ರಿ?" ಎಂದಳು ನನ್ನ ಹೆಂಡತಿ. ಮೇಲಿನ ಮನೆಯಲ್ಲಿ ಚಮಚ ಬಿದ್ದರೆ ಯಾವ ಕೋಣೆ ಎಂದು ಹೇಳುವವಳು. "ನನಗೆ ಕೇಳಿಸಲಿಲ್ಲ."

"ಏನಿಲ್ಲ," ಎಂದೆ.

"ಸರಿ. ಅವಳಿಗೆ ಮಂಡಿ ಮಾತ್ರೆ ಕೊಡೋದು ಮರೀಬೇಡಿ."