ಹೊನ್ನಮ್ಮನ ಅಂಗಳದ ಹಾಜರಿ

ಬೆಳಗಿನ ಬಿಸಿಲು ಕಣದ ಮೇಲೆ ಬೀಳುವ ಹೊತ್ತಿಗೆ ಯಮುನ ಹಾಜರಿ ಕರೆಯಲು ನಿಲ್ಲುತ್ತಿದ್ದಳು. ಕೈಯಲ್ಲಿ ಅಡಕೆ ಹಾಳೆಯ ಒಂದು ತುಂಡು, ಅದೇ ಅವಳ ಪುಸ್ತಕ. ಕಿವಿಗೆ ಸಿಕ್ಕಿಸಿದ ಇದ್ದಿಲ ಚೂರು, ಅದೇ ಪೆನ್ನು. ಎದುರಿಗೆ ನಿಂತವರು ಮನೆಯ ಕೋಳಿಗಳು.

“ಮುದ್ದಿ.” ಬೂದು ಬಣ್ಣದ ಹೇಂಟೆ ತಲೆಯೆತ್ತಿತು. “ಮುದ್ದಿ ಉಟ್ಟು, ಹಾಜರ್. ಮಲ್ಲ.” ಹುಂಜ ರೆಕ್ಕೆ ಬಡಿಯಿತು. “ಮಲ್ಲನೂ ಉಟ್ಟು. ಚೋಮಿ.” ಚೋಮಿ ಹದಿಮೂರು ದಿನದಿಂದ ಬುಟ್ಟಿಯಲ್ಲಿ ಕಾವಿಗೆ ಕೂತಿತ್ತು. “ಚೋಮಿ ಬಾಣಂತಿ. ಲೀವು.”

ಹೊನ್ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಇದನ್ನೆಲ್ಲ ಕೇಳುತ್ತಿದ್ದಳು. ಲೀವು ಎನ್ನುವಾಗ ಮಗಳ ದನಿ ಅಪ್ಪನ ದನಿಯಷ್ಟೇ ಗಂಭೀರವಾಗುತ್ತಿತ್ತು. ನಗು ಬರುತ್ತಿತ್ತು. ಆದರೆ ಮುಂದೆ ಬರುವ ಹೆಸರು ಯಾವುದೆಂದು ಗೊತ್ತಿದ್ದುದರಿಂದ ಆ ನಗು ಅರ್ಧಕ್ಕೇ ನಿಲ್ಲುತ್ತಿತ್ತು.

“ಪೂವಯ್ಯ.”

ಅಂಗಳದ ಬದಿಯ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು.

“ಪೂವಯ್ಯ ಇಲ್ಲೆ. ಆಬ್ಸೆಂಟ್.” ಯಮುನ ಇದ್ದಿಲು ತೆಗೆದು ಗೋಡೆಯ ಮೇಲೆ ಒಂದು ಗೆರೆ ಎಳೆದಳು.

ಹೊನ್ನಮ್ಮನ ಗಂಡ ಪೂವಯ್ಯ ಅಮ್ಮತ್ತಿ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದವನು. ದಿನ ಬೆಳಗಾದರೆ ಆಳುಗಳ ಮನೆಗಳ ಲೈನಿನ ಮುಂದೆ ನಿಂತು ಅವರ ಹೆಸರು ಕರೆಯುವುದು, ಕೆಲಸ ಹಂಚುವುದು ಅವನ ಪಾಲಿನದು. ಐದು ವರ್ಷದ ಮಗಳು ಅವನ ಕಂಬಳಿಯೊಳಗೆ ಅರ್ಧ ಸೇರಿಕೊಂಡು ಅದನ್ನು ನೋಡುತ್ತಿದ್ದಳು. ಆಮೇಲೆ ಕೆಮ್ಮು ಬಂತು, ಕೆಮ್ಮಿನಲ್ಲಿ ರಕ್ತ ಬಂತು. ಆಸ್ಪತ್ರೆಯಲ್ಲಿ ಏಳು ತಿಂಗಳಿದ್ದು, ಮಳೆಗಾಲ ಕಳೆದ ಮೇಲೆ ಮೂರ್ನಾಡಿನ ಹತ್ತಿರದ ಈ ಮನೆಗೆ, ತಾಯಿಯ ಬಳಿಗೆ ಬಂದು ಮಲಗಿದ್ದ.

ಬಿಡುವಾಗ ಡಾಕ್ಟರು ಹೊನ್ನಮ್ಮನನ್ನೇ ಕರೆದು ಹೇಳಿದ್ದರು. ಸೂಜಿಮದ್ದು ಕೆಲಸ ಮಾಡಿದೆ, ಇನ್ನು ಮಗುವನ್ನು ದೂರ ಇಡಬೇಕಾಗಿಲ್ಲ. ಆದರೆ ಅವರು ಎದ್ದು ಓಡಾಡಬೇಕು, ತಿನ್ನಬೇಕು, ಬದುಕಬೇಕೆಂಬ ಮನಸ್ಸು ಮಾಡಬೇಕು. ಅದಕ್ಕೆ ನನ್ನ ಹತ್ತಿರ ಸೂಜಿ ಇಲ್ಲ.

ಪೂವಯ್ಯ ಮನಸ್ಸು ಮಾಡಲಿಲ್ಲ. ತಟ್ಟೆ ಬೇರೆ, ಲೋಟ ಬೇರೆ ಮಾಡಿಕೊಂಡ. ಯಮುನ ಹೊಸ್ತಿಲ ಹತ್ತಿರ ಬಂದರೆ ಗೋಡೆಯ ಕಡೆ ತಿರುಗುತ್ತಿದ್ದ. ಹೊನ್ನಮ್ಮ ಇಟ್ಟ ರೊಟ್ಟಿಯಲ್ಲಿ ಒಂದು ಮುರುಕು ಒಳಗೆ ಹೋದರೆ ಅದೇ ಹೆಚ್ಚು. ಅವನ ಕುತ್ತಿಗೆಯ ಎಲುಬು ದಿನದಿಂದ ದಿನಕ್ಕೆ ಎದ್ದು ಕಾಣುತ್ತಿತ್ತು. ಹೀಗೇ ಆದರೆ ಹುತ್ತರಿ ಹಬ್ಬದ ಹೊಸ ಕದಿರು ಮನೆಗೆ ಬರುವವರೆಗೂ ಉಳಿಯಲಾರ ಎಂದು ಅವಳ ಒಳಗೆ ಯಾರೋ ಹೇಳುತ್ತಿದ್ದರು. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ.

“ಅಪ್ಪನ ಹೆಸ್ರು ಹಿಡ್ದು ಕರೆಯೋದಾ? ಈ ಗೂಡೆಗೆ ಬುದ್ಧಿ ಹೇಳೋರು ಯಾರೂ ಇಲ್ಲೆಯಾ?” ಅತ್ತೆ ಬೊಳ್ಳಮ್ಮ ಜಗಲಿಯಿಂದ ಮೊಮ್ಮಗಳನ್ನು ಗದರಿದಳು.

“ಮಕ್ಕಳಾಟ ಅಲ್ವಾ ಅತ್ತೆ. ಇರ್ಲಿ ಬಿಡಿ.”

“ಆಟಕ್ಕೂ ಒಂದು ಲೆಕ್ಕ ಉಟ್ಟು. ದಿನಾ ಬೆಳಿಗ್ಗೆ ಇಲ್ಲೆ ಇಲ್ಲೆ ಅಂತ ಹೇಳಿಸ್ಕೊಳ್ಳೋಕೆ ನನ್ನ ಮಗ ಎಂತ ತಪ್ಪು ಮಾಡ್ಯುಟ್ಟು?”

ಅತ್ತೆಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಮುಚ್ಚಿದ ಬಾಗಿಲಿನ ಮುಂದೆ ನಿಂತು ಅವನನ್ನು ಹೆಸರು ಹಿಡಿದು ಕರೆಯುವವರು ಈ ಮಗು ಬಿಟ್ಟರೆ ಬೇರೆ ಯಾರಿದ್ದರು? ಉಳಿದವರೆಲ್ಲ ಅವನ ಕೋಣೆಯ ಹತ್ತಿರ ಕಾಲ ತುದಿಯಲ್ಲಿ ನಡೆಯುತ್ತಿದ್ದರು.

ಮರುದಿನ ಅಂಗಳದಲ್ಲಿ ಯಮುನ “ಚೋಮಿ” ಎಂದು ಕರೆದಾಗ ತಡೆಗೋಲಿನ ಆಚೆಯಿಂದ ಉತ್ತರ ಬಂತು.

“ಬಂದೆ ರೈಟರೇ.”

ಎಸ್ಟೇಟಿನ ಚೋಮಿಯೇ ಬಂದಿದ್ದಳು, ಕಾಫಿ ಹಣ್ಣು ಕೊಯ್ಯುವ ಆಳು. ಮಡಿಲಲ್ಲಿ ಕಾಡಿನ ಜೇನಿನ ಒಂದು ಶೀಶೆ. ರೈಟರ ಎದೆಗೆ ಒಳ್ಳೆಯದಂತೆ ಎಂದು ತಂದವಳು, ಕೋಳಿಗೆ ತನ್ನ ಹೆಸರಿಟ್ಟದ್ದು ಕೇಳಿ ಸೊಂಟಕ್ಕೆ ಕೈಯಿಟ್ಟಳು.

“ನನ್ನ ಹೆಸರಿನ ಕೋಳಿ ಮೊಟ್ಟೆ ಇಡ್ತದಾ ಅಮ್ಮಯ್ಯ?”

“ಈಗ ಹನ್ನೊಂದರ ಮೇಲೆ ಕೂತದೆ,” ಎಂದಳು ಹೊನ್ನಮ್ಮ.

“ಹಂಗಾರೆ ಇರ್ಲಿ. ಸೋಮಾರಿ ಆಗಿದ್ರೆ ಹೆಸರು ವಾಪಸ್ ತಕೊಂಡು ಹೋಗ್ತಿದ್ದೆ.”

ಜಗಲಿಯ ಕೆಳಗೆ ಯಮುನಳ ಪಕ್ಕ ಕೂತು ಬೆಲ್ಲದ ಕಾಫಿ ಕುಡಿಯುತ್ತಾ ಚೋಮಿ ಲೈನಿನ ಸುದ್ದಿ ಹೇಳಿದಳು. ದನಿಯನ್ನು ಮಾತ್ರ ಮುಚ್ಚಿದ ಬಾಗಿಲಿಗೆ ತಾಗುವಷ್ಟು ಎತ್ತರಿಸಿದ್ದಳು.

“ನನ್ನ ಗಂಡುಮಗು ಸಣ್ಣದಿದ್ದಾಗ ನಾನು ದಿನಾ ತಡ. ಹಾಜರಿ ಮುಗಿದ ಮೇಲೆ ಬಂದೋರಿಗೆ ಕೆಲಸ ಇಲ್ಲ, ಅದು ದೊರೆ ಕಾನೂನು. ನಾನು ಇಳಿಜಾರಲ್ಲಿ ಓಡಿ ಬರೋದು ಕಂಡ್ರೆ ನಮ್ಮ ರೈಟರ್ ಕನ್ನಡಕ ತೆಗೆದು ಒರೆಸೋಕೆ ಶುರು ಮಾಡೋರು. ಒರೆಸೋರು, ಒರೆಸೋರು. ನಾನು ಸಾಲಿಗೆ ಸೇರಿದ ಮೇಲೇ ಅದು ಚೊಕ್ಕ ಆಗೋದು. ಈಗಿನ ಹೊಸಬರು ಗಡಗಡ ಓದಿ ಮುಗಿಸ್ತಾರೆ. ಏನ್ ಮಾಡೋದು, ಅವರಿಗೆ ಕನ್ನಡಕವೇ ಇಲ್ಲ.”

ಕೋಣೆಯೊಳಗೆ ಕೆಮ್ಮಿನಂಥದ್ದೊಂದು ಸದ್ದಾಯಿತು. ಹೊನ್ನಮ್ಮ ಕಿವಿಗೊಟ್ಟಳು. ಅವನ ಕೆಮ್ಮಿನ ಬಗೆಯೆಲ್ಲ ಅವಳಿಗೆ ಗೊತ್ತಿತ್ತು. ಇದು ಕೆಮ್ಮಲ್ಲ, ನಗುವಿನಂಥದ್ದು.

ಮಧ್ಯಾಹ್ನ ಜೇನು ಸವರಿ ಇಟ್ಟ ರೊಟ್ಟಿ ಅರ್ಧ ಖಾಲಿಯಾಗಿತ್ತು. ಆದರೆ ಬಾಗಿಲು ತೆರೆಯಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ರೊಟ್ಟಿ ಮತ್ತೆ ಹಾಗೇ ಉಳಿಯತೊಡಗಿತು. ಅಷ್ಟರಲ್ಲಿ ಕಾವು ಮುಗಿದು ಬುಟ್ಟಿಯಲ್ಲಿ ಒಂಬತ್ತು ಮರಿ ಎದ್ದವು. ಅವಕ್ಕಿನ್ನೂ ಹೆಸರಿರಲಿಲ್ಲ.

ಒಂದು ಸಂಜೆ ಯಮುನ ಗೋಡೆಯ ಗೆರೆಗಳನ್ನು ಬೆರಳಿಟ್ಟು ಎಣಿಸಿದಳು. ಹದಿನಾಲ್ಕು.

“ಅವ್ವ, ಹೇಳದೆ ಕೇಳದೆ ಹದಿನೈದು ದಿನ ಬಾರದಿದ್ರೆ ಪಟ್ಟಿಯಿಂದ ಹೆಸ್ರು ಹೊಡೆಯೋದು. ಅಪ್ಪನೇ ಹೇಳಿದ್ದು. ನಾಳೆ ಪೂವಯ್ಯನ ಹೆಸ್ರು ಹೊಡೆದುಬಿಡ್ತೆ.”

ಬೊಳ್ಳಮ್ಮ ಎದ್ದು ನಿಂತೇಬಿಟ್ಟಳು. “ಅಳಿಸು ಅದನ್ನೆಲ್ಲ. ಈಗಲೇ ಅಳಿಸು. ಹೊನ್ನಮ್ಮ, ನೀ ಅಳಿಸ್ತೆಯೋ, ನಾನೇ ಸಗಣಿ ಬಳಿಯಲೋ?”

ಹೊನ್ನಮ್ಮ ಬಟ್ಟೆ ಒದ್ದೆ ಮಾಡಿ ಗೋಡೆಯ ಮುಂದೆ ಹೋಗಿ ನಿಂತಳು. ವಕ್ರವಾದ ಹದಿನಾಲ್ಕು ಗೆರೆ. ಒಂದೊಂದು ಗೆರೆಗೂ ಮಗು ಒಂದೊಂದು ಬೆಳಗು ಕಾದಿತ್ತು. ಅಳಿಸಿದರೆ ಅಪಶಕುನ ಹೋದೀತು. ಆದರೆ ಅವನಿಗಾಗಿ ಕಾಯುವವರು ಯಾರೂ ಉಳಿಯುವುದಿಲ್ಲ. ಅವಳು ಬಟ್ಟೆಯನ್ನು ಹಿಂಡಿ ತಂತಿಯ ಮೇಲೆ ಹಾಕಿದಳು.

“ಒಂದು ದಿನ ಇರ್ಲಿ ಅತ್ತೆ,” ಎಂದಳು. “ನಾಳೆ ನಾನೇ ಅಳಿಸ್ತೇನೆ.”

ಬೊಳ್ಳಮ್ಮ ಸೊಸೆಯ ಮುಖ ನೋಡಿ ಒಳಗೆ ಹೋದಳು.

ಬೆಳಗಾಯಿತು. ಹೊನ್ನಮ್ಮ ಕಾವಲಿಗೆ ರೊಟ್ಟಿ ಹಾಕಿ ಕಿಟಕಿಯ ಹತ್ತಿರ ಬಂದಳು. ಮುದ್ದಿ ಬಂತು, ಮಲ್ಲ ಬಂತು, ಚೋಮಿ ಮರಿಗಳನ್ನು ಹಿಂದೆ ಹಾಕಿಕೊಂಡು ಬಂತು.

“ಪೂವಯ್ಯ.”

ಗಾಳಿಯೂ ಇರಲಿಲ್ಲ. ಯಮುನ ಕಿವಿಯಿಂದ ಇದ್ದಿಲು ತೆಗೆದಳು. ಗೋಡೆಯ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. ಆಮೇಲೆ ಇದ್ದಿಲನ್ನು ಕೆಳಗಿಟ್ಟು, ಮೂಗಿನ ಮೇಲಿಂದ ಇಲ್ಲದ ಕನ್ನಡಕವನ್ನು ಎರಡು ಕೈಯಿಂದ ಜೋಪಾನವಾಗಿ ತೆಗೆದಳು. ಲಂಗದ ಅಂಚು ಹಿಡಿದು ಅದನ್ನು ಒರೆಸತೊಡಗಿದಳು. ಬಾಯಿಂದ ಹಬೆ ಬಿಟ್ಟಳು. ಮತ್ತೆ ಒರೆಸಿದಳು. ಬೆಳಕಿಗೆ ಹಿಡಿದು ನೋಡಿ, ಇನ್ನೂ ಕೊಳೆ ಇದೆ ಎಂಬಂತೆ ಮತ್ತೆ ಒರೆಸಿದಳು.

ಬಾಗಿಲ ಸಂದಿಯಲ್ಲಿ ಒಂದು ನೆರಳು ಅಲ್ಲಾಡಿದ್ದನ್ನು ಹೊನ್ನಮ್ಮ ಕಂಡಳು. ಮಂಚ ಕಿರುಗುಟ್ಟಿದ್ದು ಯಾವಾಗಲೋ, ಅವಳಿಗೆ ಕೇಳಿರಲಿಲ್ಲ.

ಬಾಗಿಲು ತೆರೆಯಿತು. ಪೂವಯ್ಯ ದಾರಂದ ಹಿಡಿದು ನಿಂತಿದ್ದ. ಬಿಸಿಲಿಗೆ ಕಣ್ಣು ಚಿಕ್ಕದಾಗಿತ್ತು.

“ಬಂದೆ ರೈಟರೇ.”

ಯಮುನ ಅವಸರಪಡಲಿಲ್ಲ. ಕನ್ನಡಕ ಹಾಕಿಕೊಂಡು ಅಡಕೆ ಹಾಳೆ ನೋಡಿದಳು. “ತಡ ಆತ್.”

“ಹೌದು. ತುಂಬ ತಡ ಆತ್.”

“ನಾಳೆಯಿಂದ ಬೇಗ ಬರೋಕು. ಇವತ್ತು ಮರಿ ಕಾಯೋ ಕೆಲಸ. ಗಿಡುಗ ಬಂದ್ರೆ ಓಡ್ಸಿ.”

ಅವನು ಒಂದು ಹೆಜ್ಜೆ ಇಟ್ಟ, ನಿಂತ, ಇನ್ನೊಂದು ಇಟ್ಟ. ಜಗಲಿಯ ಮೆಟ್ಟಿಲ ಮೇಲೆ ಕೂರುವಷ್ಟರಲ್ಲಿ ಏದುಸಿರು ಬಂತು. ಬೊಳ್ಳಮ್ಮ ಕೋಲೊಂದನ್ನು ತಂದು ಮಗನ ಕೈಗಿಟ್ಟು, ಏನೂ ಆಗಿಲ್ಲವೆಂಬಂತೆ ಹಟ್ಟಿಯ ಕಡೆ ಹೊರಟುಹೋದಳು. ಯಮುನ ಅಪ್ಪನಿಂದ ಒಂದು ಮೊಳ ದೂರದಲ್ಲಿ ಕೂತಳು. ಅವನು ಗೋಡೆಯ ಕಡೆ ತಿರುಗಲಿಲ್ಲ. ತುಸು ಹೊತ್ತಾದ ಮೇಲೆ ಅವಳು ಆ ಒಂದು ಮೊಳವನ್ನೂ ಸರಿದಳು.

ಹೊನ್ನಮ್ಮ ಕಿಟಕಿಯ ಸರಳು ಹಿಡಿದು ನಿಂತೇ ಇದ್ದಳು.

“ಒಳಗೆ ಎಂತದೋ ಸೀದ ವಾಸನೆ ಬರ್ತುಟ್ಟು,” ಎಂದ ಪೂವಯ್ಯ, ಕೋಳಿಮರಿಗಳ ಮೇಲಿಂದ ಕಣ್ಣು ತೆಗೆಯದೆ.

ಅವಳು ಒಲೆಯ ಹತ್ತಿರ ಓಡಿದಳು. ಕಾವಲಿಯ ರೊಟ್ಟಿಯ ಒಂದು ಬದಿ ಕಪ್ಪಾಗಿತ್ತು. ಕಪ್ಪನ್ನು ಚಾಕುವಿನಿಂದ ಕೆರೆದು, ತಟ್ಟೆಗೆ ಹಾಕಿ, ಮೇಲೆ ಜೇನು ಸವರಿದಳು. ಬೇರೆ ಇಟ್ಟಿದ್ದ ಅವನ ತಟ್ಟೆಯನ್ನು ತೆಗೆದುಕೊಳ್ಳಲಿಲ್ಲ. ಮನೆಮಂದಿಯ ತಟ್ಟೆಗಳಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡಳು.