ಮನೆಯವರನ್ನು ಬಿಟ್ಟು

ಖಾಜಾಮಿಯಾ ಚಹಾದ ಕಪ್ಪು ಕೆಳಗಿಟ್ಟು ಮೆಲ್ಲಗೆ ಹೇಳಿದ, "ಸರ್, ಈ ಪಾಲಿಸಿ ಹೊರಗಿನವರಿಗಷ್ಟೇ ಅದರಿ. ನಿಮ್ಮ ಮನಿಗಿ ಬಂದವ್ರಿಗಿ ಪೆಟ್ಟಾದ್ರ ಕಂಪನಿ ಖರ್ಚು ಕೊಡ್ತದ. ಮನ್ಯಾಗ ಇರೋರಿಗಿ ಇಲ್ಲ. ಪಗಾರದ ಆಳಿಗೂ ಇಲ್ಲ."

ವಿಮೆ ಮಾರುವಾಗ ಇದೇ ಖಾಜಾಮಿಯಾ ಎಲ್ಲವೂ ಅದರೊಳಗೇ ಬರುತ್ತದೆ ಎಂದಿದ್ದ. ಪ್ರಶ್ನೆಪತ್ರಿಕೆ ಎರಡು ಸಲ ಓದಿ ಎಂದು ಮಕ್ಕಳನ್ನು ಗದರಿಸುವ ಹೈಸ್ಕೂಲು ಮಾಸ್ತರ ಅಶೋಕಕುಮಾರನೋ, ಒಂದು ಸಲವೂ ಓದದೆ ಸಹಿ ಹಾಕಿದ್ದ. ಈಗ ಯಾರನ್ನು ಬೈಯುವುದು?

ಒಳಗಿನ ಕೋಣೆಯಲ್ಲಿ ಶಿವಕಾಂತಮ್ಮ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. ಶಹಾಬಾದಿನ ಆ ಮನೆಯ ಮಾಳಿಗೆ ಮೆಟ್ಟಿಲುಗಳು ಊರಿನದೇ ಕಲ್ಲಿನವು. ಒಂದು ತುದಿ ಗೋಡೆಯೊಳಗೆ, ಇನ್ನೊಂದು ತುದಿ ಗಾಳಿಯಲ್ಲಿ. ಅವುಗಳಲ್ಲೊಂದು ಬಿರುಕು ಬಿಟ್ಟು ವರ್ಷವಾಗಿತ್ತು. ಕಲ್ಲಿನ ಊರಲ್ಲೇ ಇದ್ದುಕೊಂಡು ಒಂದು ಕಲ್ಲು ಬದಲಿಸಲು ಅಶೋಕಕುಮಾರನಿಗೆ ಪುರಸೊತ್ತಾಗಿರಲಿಲ್ಲ. ಮನೆಯವರೆಲ್ಲ ಅದನ್ನು ದಾಟಿ ಕಾಲಿಡುವುದನ್ನೇ ರೂಢಿ ಮಾಡಿಕೊಂಡಿದ್ದರು. ಒಣಮೆಣಸಿನಕಾಯಿಯ ಬುಟ್ಟಿ ಎದೆಗವಚಿಕೊಂಡು ಇಳಿಯುತ್ತಿದ್ದ ಶಿವಕಾಂತಮ್ಮನಿಗೆ ಮೆಟ್ಟಿಲು ಕಾಣಲಿಲ್ಲ. ಕಲ್ಲು ಮುರಿಯಿತು, ಮೊಣಕಾಲ ಕೆಳಗಿನ ಎಲುಬೂ ಮುರಿಯಿತು. ಬಾವು ಇಳಿದ ಕೂಡಲೇ ಆಪರೇಶನ್ ಆಗದಿದ್ದರೆ ಮತ್ತೆ ಸರಿಯಾಗಿ ನಡೆಯುವುದು ಕಷ್ಟ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಅಷ್ಟು ಹಣ ಮನೆಯಲ್ಲಿರಲಿಲ್ಲ.

ಆಕೆ ಅಶೋಕಕುಮಾರನ ತಾಯಿಯ ತಂಗಿಯಲ್ಲ, ಆದರೂ ಚಿಗವ್ವ. ತಾಯಿ ತೀರಿಕೊಂಡಾಗ ಅಡುಗೆಗೆಂದು ಗುಂಡಗುರ್ತಿಯಿಂದ ಬಂದವಳು ವಾಪಸು ಹೋಗಲೇ ಇಲ್ಲ. ಅವನ ತಲೆಗೆ ಎಣ್ಣೆ ಒತ್ತಿದಳು, ಜ್ವರ ಬಂದರೆ ಪಕ್ಕದಲ್ಲೇ ಕುಳಿತು ಬೆಳಗು ಮಾಡಿದಳು, ಅವನಿಗೆ ಹೆಣ್ಣು ನೋಡಲೂ ತಾನೇ ಹೋದಳು. ಪಗಾರದ ಮಾತು ಯಾವಾಗ ನಿಂತಿತೋ ಇಬ್ಬರಿಗೂ ನೆನಪಿಲ್ಲ. ಆರೋಗ್ಯ ವಿಮೆಗೆ ಆಕೆಯ ಹೆಸರು ಸೇರಿಸಲು ಹೋದಾಗ, ಸಂಬಂಧಿಕಳಲ್ಲ, ಆಗುವುದಿಲ್ಲ ಅಂದಿದ್ದರು. ಆಗ ಮನೆಯವಳಲ್ಲ, ಈಗ ಮನೆಯವಳು. ಈ ಕಾಯದೆಗೆ ತಲೆಬುಡವಾದರೂ ಬೇಡವೇ?

"ಊರಿಂದ ಬಂದವ್ರು ಅಂತ ಹೇಳಿದ್ರ?" ಎಂದು ಅಶೋಕಕುಮಾರನ ಹೆಂಡತಿ ರಾಜೇಶ್ವರಿ ಕೇಳಿದಳು.

ಖಾಜಾಮಿಯಾ ಎದ್ದು ಚಪ್ಪಲಿ ಹುಡುಕಿದ. "ಅಕ್ಕೋರೆ, ನಾ ಏನೂ ಕೇಳಿಲ್ಲ. ಕಂಪನಿಯಿಂದ ಸರ್ವೇ ಮಾಡವ್ರು ನಾಳೆ ಬರ್ತಾರ."

ಸಂಜೆ ಅಶೋಕಕುಮಾರ ಶಿವಕಾಂತಮ್ಮನ ಕೋಣೆಗೆ ಹೋಗುವುದು, ಬರುವುದು ಮಾಡಿದ. ಕೊನೆಗೆ ಆಕೆಯೇ ಅಂದಳು:

"ನನಗ ಎಲ್ಲಾ ಕೇಳ್ಸ್ಯಾದಪ್ಪಾ. ನಾ ಯಾರು ಅಂತ ಹೇಳ್ಬೇಕು, ಅದಷ್ಟು ಹೇಳು."

"ಊರ ಕಡೀಯಾಕಿ, ಮಾತಾಡ್ಸಲಿಕ್ಕಿ ಬಂದಿದ್ದೆ ಅನ್ನು ಚಿಗವ್ವ. ನಿನ್ನ ಕಾಲಿನ ಸಲುವಾಗಿ."

"ಹೂಂ."

ಬೈದಿದ್ದರೆ ಹಗುರವಾಗುತ್ತಿತ್ತು. ಆ ಒಂದು ಹೂಂ ಅವನಿಗೆ ರಾತ್ರಿಯಿಡೀ ನಿದ್ದೆ ಕೊಡಲಿಲ್ಲ. ಸಿಕ್ಕಿಬಿದ್ದರೆ ನೌಕರಿಗೆ ಕುತ್ತು, ಸುಮ್ಮನಿದ್ದರೆ ಚಿಗವ್ವನ ಕಾಲಿಗೆ ಕುತ್ತು. ಬೆಳಿಗ್ಗೆ ರಾಜೇಶ್ವರಿ ಶಿವಕಾಂತಮ್ಮನ ಸೀರೆಗಳನ್ನು ಕಪಾಟಿನಿಂದ ತೆಗೆದು ಒಂದು ಕೈಚೀಲಕ್ಕೆ ತುರುಕಿದಳು. ಗೋಡೆಯ ಮೇಲೆ ಆಕೆಯೂ ಇದ್ದ ಫೋಟೋ ಇಳಿಸಿದಳು. ಮಂಚವನ್ನು ಪಡಸಾಲೆಗೆ ತಂದರು. ಒಂದು ಸಂಸಾರದಿಂದ ಒಬ್ಬರನ್ನು ಅಳಿಸಲು ಅಷ್ಟೇ ಹೊತ್ತು ಸಾಕಾಯಿತು.

ಸರ್ವೇಗೆ ಬಂದ ವಿಠ್ಠಲ್ ಮೆದುಮಾತಿನ ಮನುಷ್ಯ. ಅಂಥವರದೇ ಹೆದರಿಕೆ ಹೆಚ್ಚು. ಮುರಿದ ಮೆಟ್ಟಿಲಿನ ಫೋಟೋ ತೆಗೆದು, ಮಂಚದ ಬಳಿ ಕುರ್ಚಿ ಎಳೆದುಕೊಂಡು ಕುಳಿತ. ರಾಜೇಶ್ವರಿ ಚಹಾಕ್ಕಿಡಲು ಹೋದಳು. ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು ಶುರುವಾಯಿತು, ನಿಲ್ಲಲೊಲ್ಲದು. ಸಕ್ಕರೆ ಎಲ್ಲಿದೆಯೆಂದು ಆ ಮನೆಯಲ್ಲಿ ಗೊತ್ತಿದ್ದವಳು ಮಂಚದ ಮೇಲಿದ್ದವಳೊಬ್ಬಳೇ. ಅಶೋಕಕುಮಾರ, ಈಗ ಬಾಯಿ ಬಿಡುತ್ತಾಳೆ, ಈಗ ಬಿಡುತ್ತಾಳೆ ಎಂದು ಆಕೆಯ ತುಟಿಯನ್ನೇ ನೋಡಿದ. ಶಿವಕಾಂತಮ್ಮ ಪರರ ಮನೆಯಲ್ಲಿ ಇರುವಂತೆ ಸೆರಗು ಸರಿಮಾಡಿಕೊಂಡು ಸುಮ್ಮನೆ ಮಲಗಿದ್ದಳು.

"ಅಮ್ಮಾರೆ, ಇವ್ರು ನಿಮಗ ಏನಾಗ್ಬೇಕ್ರಿ?"

"ಏನೂ ಆಗ್ಬೇಕಿಲ್ಲರಿ," ಅಂದಳು. "ಹಾದಿ ಮ್ಯಾಲ ಮನಿ ಇತ್ತು, ಬಂದಿದ್ದೆ. ಭಾಳ ಚಲೋ ಮಂದಿ."

ಸಕ್ಕರೆ ಕಡಿಮೆಯಾದ ಚಹಾ ಕುಡಿದು ವಿಠ್ಠಲ್ ಹೋದ. ಅಶೋಕಕುಮಾರ ಉಸಿರು ಬಿಟ್ಟು, ನಗುತ್ತಾ ಬಂದು, "ಭೇಷ್ ಮಾಡಿದಿ ಚಿಗವ್ವ," ಅಂದ. ಆಕೆ ಕಣ್ಣು ಮುಚ್ಚಿಕೊಂಡಿದ್ದಳು. ಮಂಚವನ್ನು ಒಳಗೆ ಸರಿಸಲು ಹೋದರೆ ಇಲ್ಲೇ ಇರಲಿ, ಗಾಳಿ ಬರುತ್ತದೆ ಅಂದಳು.

ಕಂಪನಿ ಒಪ್ಪಿತು. ಆಪರೇಶನ್ ದಿನ ಕಲಬುರಗಿಯ ಆಸ್ಪತ್ರೆಯಲ್ಲಿ ನರ್ಸು ಸಹಿಯ ಕಾಗದ ಹಿಡಿದು ಬಂದು, "ಪೇಷಂಟಿನ ಮನೆಯವ್ರು ಯಾರ್ರಿ?" ಎಂದು ಕೇಳಿದಳು. ಅಶೋಕಕುಮಾರ ಪೆನ್ನು ತೆಗೆದು ಎದ್ದ.

"ಅವರಲ್ಲರಿ," ಸ್ಟ್ರೆಚರ್ ಮೇಲಿಂದ ಶಿವಕಾಂತಮ್ಮ ಹೇಳಿದಳು. "ನಮ್ಮ ಅಣ್ಣನ ಮಗ ಗುಂಡಗುರ್ತಿಯಿಂದ ಬರ್ಲಿಕತ್ಯಾನ. ಅವ ಬರೋತನಕ ತಡೀರಿ."

ಅವನ ಕಡೆ ತಿರುಗಿ, "ನೀವು ಕುಂದ್ರಿ," ಅಂದಳು.

ಅವನಿಗೆ ಆಕೆ ರೀ ಹಚ್ಚಿ ಮಾತಾಡಿದ್ದು ಎಂದೂ ಇಲ್ಲ. ಕಂಪನಿಯವರ ಕಿವಿಗೆ ಬಿದ್ದೀತೆಂದು ಅವನನ್ನು ಕಾಯಲು ಹಾಗಂದಳೋ, ನಿಜಕ್ಕೇ ಅಂದಳೋ? ಕೇಳಬೇಕೆಂದು ಬಾಯಿ ತೆರೆದ. ಸುತ್ತಲೂ ಜನರಿದ್ದರು. ಯಾವ ಹೆಸರಿನಿಂದ ಕರೆದು ಕೇಳುವುದೆಂದು ತಿಳಿಯದೆ ಕುಳಿತುಕೊಂಡ.