ಎದೆಜೇಬಿನ ಕನ್ನಡಿ

ನಾನು ಒಂದು ಕನ್ನಡಿ. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕವಳು. ದುಂಡು ಮುಖ, ಸುತ್ತ ಹಿತ್ತಾಳೆಯ ಅಂಚು. ಫ್ರಾನ್ಸಿನ ಲಿಯೋಂ ಪಟ್ಟಣದ ಒಂದು ಕಾರ್ಖಾನೆಯಲ್ಲಿ ನನ್ನ ಬೆನ್ನಿಗೆ ತವರ, ಪಾದರಸ ಬಳಿದು ಕಣ್ಣು ತೆರೆಸಿದರು. ಯಾವಳೋ ಚೆಲುವೆ ನನ್ನನ್ನು ಕೊಂಡು ದಿನಕ್ಕೆ ಹತ್ತು ಸಲ ಕೆನ್ನೆ ನೋಡಿಕೊಳ್ಳುತ್ತಾಳೆ ಎಂದು ಕನಸು ಕಂಡಿದ್ದೆ. ನನ್ನ ಹಣೆಬರಹ ನೋಡಿ, ಕೊಂಡವರು ಒಬ್ಬ ಗಡ್ಡದ ಡಾಕ್ಟರು!

ಅವರ ಹೆಸರು ಆನ್ಸೆಲ್ಮ್ ವೆರ್ನೋಲ್. ಆಲ್ಪ್ಸ್ ಬೆಟ್ಟಗಳ ನಡುವಿನ ವಾಲ್‌ಬ್ರೂನ್ ಕಣಿವೆಗೆ ಅವರೊಬ್ಬರೇ ವೈದ್ಯರು. ಹೇಸರಗತ್ತೆಯ ಮೇಲೆ ಹಳ್ಳಿಯಿಂದ ಹಳ್ಳಿಗೆ ಹೋಗಿ ನಾಡಿ ಹಿಡಿಯುತ್ತಿದ್ದರು. ಬಿಡುವಾದರೆ ಇಗರ್ಜಿಯ ಹಳೆಯ ದಫ್ತರಗಳ ಮುಂದೆ ಕೂರುತ್ತಿದ್ದರು. ಆ ಕಣಿವೆಯ ಇತಿಹಾಸ ಬರೆಯುವ ಹುಚ್ಚು ಅವರಿಗೆ. ಇನ್ನೂರು ವರ್ಷದ ಹಿಂದೆ ಯಾರ ಹಸು ಯಾರ ಹೊಲ ಮೇಯ್ದಿತ್ತು ಎಂಬುದೂ ಅವರಿಗೆ ಗೊತ್ತಿತ್ತು.

ನನ್ನ ಕೆಲಸ ಕೇಳಿದರೆ ನಿಮಗೆ ಮೈ ಜುಮ್ಮೆನ್ನಬಹುದು. ಯಾರಾದರೂ ಕಣ್ಣು ಮುಚ್ಚಿದರೆ ಡಾಕ್ಟರು ನನ್ನನ್ನು ಅವರ ತುಟಿಗೆ ಹಿಡಿಯುತ್ತಿದ್ದರು. ಮಂಜು ಕಟ್ಟಿದರೆ ಉಸಿರಿದೆ, ಕಟ್ಟದಿದ್ದರೆ ಮುಗಿಯಿತು. ಸಾವಿನ ಮನೆಯಲ್ಲಿ ಕನ್ನಡಿಗಳಿಗೆಲ್ಲ ಕಪ್ಪು ಬಟ್ಟೆ ಹೊದಿಸುವುದು ಅಲ್ಲಿನ ಪದ್ಧತಿ. ಮುಖ ತೆರೆದುಕೊಂಡು ಇರುತ್ತಿದ್ದವಳು ನಾನೊಬ್ಬಳೇ. ಅದಕ್ಕೆ ನನಗೆ ಕೊಂಚ ಜಂಬವೂ ಇತ್ತು. ಉಳಿದ ಹೊತ್ತು ಡಾಕ್ಟರ ಎದೆಜೇಬಿನಲ್ಲಿ ಬೆಚ್ಚಗೆ ಮಲಗಿರುತ್ತಿದ್ದೆ.

ಆ ಬಿಸುಪೇ ನನಗೆ ಶನಿಯಾಯಿತು.

ಒಂದು ಜನವರಿಯಲ್ಲಿ ಇಗರ್ಜಿಯ ಗಂಟೆ ಬಾರಿಸುವ ಬಾಸ್ತಿಯಾನ ಹೆಂಡತಿ ಸಿದೋನಿಗೆ ಜ್ವರ ಬಂತು. ನಾಲ್ಕನೆಯ ದಿನ ಮಧ್ಯಾಹ್ನ ಮೈ ತಣ್ಣಗಾಗಿ, ನಾಡಿ ಸಿಗದಾಯಿತು. ಡಾಕ್ಟರು ಎದೆಯಿಂದ ನನ್ನನ್ನು ತೆಗೆದು ನೇರ ಅವಳ ತುಟಿಗೆ ಹಿಡಿದರು. ಅಯ್ಯೋ, ಉಸಿರು ಇತ್ತು! ನೂಲಿನೆಳೆಯಷ್ಟು ಸಣ್ಣಗೆ ನನ್ನ ಕೆನ್ನೆಗೆ ತಾಗಿತು. ಆದರೆ ನನ್ನ ಮೈ ಬಿಸಿ. ಉಸಿರು ನನ್ನ ಮೇಲೆ ನಿಲ್ಲಲಿಲ್ಲ. ನಾನು ನಿಚ್ಚಳವಾಗಿಯೇ ಹೊಳೆಯುತ್ತಿದ್ದೆ. ನನಗೆ ಬಾಯಿ ಇರಲಿಲ್ಲ.

"ಹೋದಳು ಬಾಸ್ತಿಯಾ," ಎಂದರು ಡಾಕ್ಟರು.

ಚಳಿಗಾಲದಲ್ಲಿ ಅಲ್ಲಿನ ನೆಲ ಕಲ್ಲಿನಂತಾಗುತ್ತದೆ, ಗುದ್ದಲಿ ಇಳಿಯುವುದಿಲ್ಲ. ಆದ್ದರಿಂದ ಸತ್ತವರನ್ನು ಬಟ್ಟೆಯಲ್ಲಿ ಸುತ್ತಿ ಅವರದೇ ಮನೆಯ ಇಳಿಜಾರು ಮಾಡಿನ ಮೇಲೆ ಹಿಮದಲ್ಲಿ ಇಡುತ್ತಿದ್ದರು. ವಸಂತ ಬಂದ ಮೇಲೆ ಮಣ್ಣು. ಸಿದೋನಿಯನ್ನೂ ಅಂದೇ ಹಾಗೆ ಇಟ್ಟರು. ಅಂಗಾತ, ಕೈ ಜೋಡಿಸಿ.

ಏಪ್ರಿಲಿನಲ್ಲಿ ಇಳಿಸಿದಾಗ ಅವಳು ಮಗ್ಗುಲಾಗಿದ್ದಳು. ಮೊಣಕಾಲು ಹೊಟ್ಟೆಗೆ ಸೇರಿತ್ತು. ಒಂದು ಕೈ ಬಟ್ಟೆಯಿಂದ ಹೊರಗಿತ್ತು. ಡಾಕ್ಟರು ಆ ಕೈಯನ್ನು ಬಟ್ಟೆಯೊಳಗೆ ಸೇರಿಸಿ, "ಹಿಮ ಕರಗುವಾಗ ಜಾರಿದೆ," ಎಂದರು. ಜೇಬಿನಲ್ಲಿ ಅವರ ಎದೆ ಡವಡವ ಹೊಡೆದುಕೊಳ್ಳುವುದು ನನಗೆ ಕೇಳಿಸುತ್ತಿತ್ತು.

ಶರತ್ಕಾಲದಲ್ಲಿ ಅವರು ಒಂದು ಹಳೆಯ ದಫ್ತರ ಓದುತ್ತಿದ್ದರು. ಯಾವ ಕಾಲದ ಪಾದ್ರಿಯೋ ಅಂಚಿನಲ್ಲಿ ಬರೆದಿಟ್ಟಿದ್ದ: "ಕನ್ನಡಿಯನ್ನು ಮೊದಲು ಹಿಮದಲ್ಲಿ ಇಡತಕ್ಕದ್ದು, ಆಮೇಲೆ ಬಾಯಿಗೆ ಹಿಡಿಯತಕ್ಕದ್ದು." ಡಾಕ್ಟರು ನನ್ನನ್ನು ಜೇಬಿನಿಂದ ತೆಗೆದು ಮೆಲ್ಲಗೆ ಉಸಿರುಬಿಟ್ಟರು. ಏನೂ ಇಲ್ಲ. ಬಾವಿಕಟ್ಟೆಯ ಮೇಲೆ ನನ್ನನ್ನು ತಣ್ಣಗಾಗಿಸಿ ಮತ್ತೆ ಉಸಿರುಬಿಟ್ಟರು. ನಾನು ಪೂರ್ತಿ ಬೆಳ್ಳಗಾದೆ.

ಆ ಮಾತು ಅವರನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೂ ತಮ್ಮ ಇತಿಹಾಸದಲ್ಲಿ ಅದನ್ನೇ ಒಂದು ಪುಟವಾಗಿ ಬರೆದರು, ಹರಿದರು, ಮತ್ತೆ ಬರೆದರು. ಕೊನೆಗೊಂದು ಭಾನುವಾರ ಅದನ್ನು ಹಿಡಿದುಕೊಂಡು ಬಾಸ್ತಿಯಾನ ಮನೆಗೇ ಹೋಗಿ ಓದಿದರು. "ತಪ್ಪು ನನ್ನದು," ಎಂದು ಡಾಕ್ಟರು ಸ್ಪಷ್ಟವಾಗಿ ಬರೆದಿದ್ದರು.

ಬಾಸ್ತಿಯಾ ಮಾಡಿನ ಕಡೆ ನೋಡಿದ. "ಅವತ್ತು ಸಾಯಂಕಾಲ ಮೇಲಿಂದ ಸದ್ದು ಬಂತು ಡಾಕ್ಟ್ರೇ. ಮೂರು ಸಲ. ಸೂಪು ಕುಡೀತಾ ಕೂತಿದ್ದೆ. ನೀವು ಹೋದಳು ಅಂದಿದ್ರಲ್ಲ... ಅದಕ್ಕೇ ನಾನು ಏಳಲಿಲ್ಲ."

ಆಮೇಲೆ ಅವನು ಕೈ ಚಾಚಿದ. "ಆ ಕನ್ನಡಿ ಇಲ್ಲಿ ಕೊಡಿ. ಇನ್ಮೇಲೆ ಇದು ನನ್ನ ಹತ್ರ ಇರಲಿ."

ಅಂದಿನಿಂದ ನಾನು ಗಂಟೆಗೋಪುರದ ಬಡಗಣ ಕಿಟಕಿಯಲ್ಲಿ ಮೊಳೆಗೆ ತೂಗಿದೆ. ಚಳಿ ಎಲುಬಿಗೆ ಇಳಿಯುತ್ತಿತ್ತು, ಆದರೂ ದೂರಲಿಲ್ಲ. ಯಾರೇ ಕಣ್ಣು ಮುಚ್ಚಲಿ, ಬಾಸ್ತಿಯಾ ನನ್ನನ್ನು ಹಿಮದಲ್ಲಿಟ್ಟು ತರುತ್ತಿದ್ದ.

ಹನ್ನೆರಡು ವರ್ಷದ ಮೇಲೆ ಡಾಕ್ಟರ ಸರದಿ ಬಂತು. ಪಟ್ಟಣದಿಂದ ಬಂದ ಹೊಸ ವೈದ್ಯ ತಲೆಯಾಡಿಸಿ ಕೈ ತೊಳೆಯಲು ಹೋದ. ಬಾಸ್ತಿಯಾ ನನ್ನನ್ನು ಆ ಗಡ್ಡದ ಬಾಯಿಗೆ ಹಿಡಿದ. ಒಂದು ಸಣ್ಣ ಮಂಜು ಕಟ್ಟಿತು. ಕೋಣೆಯಲ್ಲಿ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವನು ಹೆಬ್ಬೆರಳಿನಿಂದ ಮಂಜು ಒರೆಸಿಬಿಟ್ಟ. ನನ್ನೊಳಗೆ ಅವನ ಮುಖ ಕಂಡಿತು. ಆ ಮುಖ ನೋಡಿ ನಾನು ಹೆದರಿದೆ.

ಎಷ್ಟೋ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಮತ್ತೆ ಹಿಡಿದ. ಮತ್ತೆ ಮಂಜು. "ಇದ್ದಾರೆ!" ಎಂದು ಕೂಗಿದ. "ಒಲೆಗೆ ಕಟ್ಟಿಗೆ ಹಾಕ್ರೋ, ಇದ್ದಾರೆ ಇನ್ನೂ!"

ಡಾಕ್ಟರು ಹನ್ನೊಂದು ದಿನ ಬದುಕಿದರು. ಹನ್ನೊಂದು ದಿನವೂ ಬಾಸ್ತಿಯಾ ಪಕ್ಕದಲ್ಲೇ ಕೂತಿದ್ದ. ನಿಜವಾಗಿ ಹೋದ ದಿನ ಬೆಳಗಿನಿಂದ ಸಂಜೆಯವರೆಗೆ ಮತ್ತೆ ಮತ್ತೆ ನನ್ನನ್ನು ಹಿಡಿದು ನೋಡಿದ.

ಈಗ ನಾನು ಮುದುಕಿ. ಪಾದರಸ ಎದ್ದು ಮುಖವೆಲ್ಲ ಕಲೆ. ಊರಿನ ಪುಟ್ಟ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಡಾಕ್ಟರ ಪುಸ್ತಕದ ಪಕ್ಕ ಮಲಗಿದ್ದೇನೆ. ಪುಸ್ತಕ ಆ ಪುಟಕ್ಕೇ ತೆರೆದಿದೆ. ಪೆಟ್ಟಿಗೆಗೆ ಬೀಗವಿದೆ. ಪ್ರತಿ ಜನವರಿಯಲ್ಲಿ ಒಂದು ಮಧ್ಯಾಹ್ನ ನನ್ನ ಮೇಲೆ ಬಟಾಣಿ ಕಾಳಿನಷ್ಟು ಮಂಜು ಕಟ್ಟುತ್ತದೆ. ಕಾವಲಿನ ಹೆಂಗಸು ಬಟ್ಟೆ ತಂದು ಗಾಜು ಒರೆಸುತ್ತಾಳೆ. "ಇದೇನಪ್ಪಾ, ಒಳಗಡೆ ಇದೆಯಲ್ಲ!" ಎಂದು ಹಿಂದೆ ಸರಿಯುತ್ತಾಳೆ.

ಯಾರ ಉಸಿರೆಂದು ನನಗೆ ಗೊತ್ತು. ನಾನೀಗ ತಣ್ಣಗಿದ್ದೇನೆ ಸಿದೋನಿ. ಈಗ ನಿನ್ನ ಉಸಿರು ಕಾಣಿಸುತ್ತಿದೆ.